1:40 ಒಸಾ ಮಿಸೈಲ್ ಬೋಟು: ತಿರುವಿನಲ್ಲಿ ಹೊರಗಡೆಗೆ ವಾಲುತ್ತದೆ, ನಿನ್ನೆ ಮಗುಚೇ ಬಿಟ್ಟಿತು

ಚುಕ್ಕಾಣಿ:
ಎಂಟು ತಿಂಗಳು ಕೂತು ಸೋವಿಯತ್ ಒಸಾ-1 ಬೋಟಿನ ಮಾಡೆಲ್ ಮಾಡಿದ್ದೇನೆ. ಅಸಲಿಯ ನಲವತ್ತರಲ್ಲೊಂದು ಅಳತೆ (1:40), ಉದ್ದ 96 ಸೆಂಟಿಮೀಟರ್, ಅಗಲ 19. ಅಸಲಿ ಬೋಟಿನ ಹಾಗೇ ಮೂರು ಪ್ರೊಪೆಲರ್. ನೇರ ಹೋಗುವಾಗ ಏನೂ ತೊಂದರೆ ಇಲ್ಲ, ಜಿಪಿಎಸ್ ಗಂಟೆಗೆ 19 ಕಿಲೋಮೀಟರ್ ತೋರಿಸಿತು. ರಡ್ಡರ್ ತಿರುಗಿಸಿದ ಕೂಡಲೇ ಹೊರಗಡೆಗೆ ವಾಲಿ ಡೆಕ್ಕಿನ ಅಂಚು ನೀರಿಗೆ ತಾಗುತ್ತದೆ. ನಿನ್ನೆ ಎಡಕ್ಕೆ ತಿರುಗಿಸಿದೆ, ಬಲಕ್ಕೆ ಮಗುಚಿಕೊಂಡಿತು. ರಿಸೀವರ್ ಹೋಯ್ತು. ತಳಕ್ಕೆ ಅರ್ಧ ಕೆಜಿ ಸೀಸ ಅಂಟಿಸಿದರೆ ಸರಿಹೋಗುತ್ತಾ?

ಹಳೇಹುಟ್ಟು:
ಸೀಸ ಸದ್ಯಕ್ಕೆ ಬೇಡ. ಒಟ್ಟು ತೂಕ ಎಷ್ಟು? ಮಿಸೈಲ್ ಗೂಡುಗಳನ್ನು ಬಿಚ್ಚಿ ಬೇರೆಯಾಗಿ ತೂಗಿ. ಬ್ಯಾಟರಿ ಎಲ್ಲಿದೆ? ಆಮೇಲೆ ನಿಂತ ನೀರಲ್ಲಿ ಬೋಟಿನ ಒಂದು ಬದಿ ಒತ್ತಿ ಬಿಡಿ, ಆ ಕಡೆ ಹೋಗಿ ಈ ಕಡೆ ಬಂದರೆ ಒಂದು ಅಂತ ಲೆಕ್ಕ. ಹತ್ತು ತೂಗಾಟಕ್ಕೆ ಎಷ್ಟು ಸೆಕೆಂಡು ಅಂತ ಹೇಳಿ.

ಚುಕ್ಕಾಣಿ:
ಒಟ್ಟು 4.3 ಕೆಜಿ. ಗೂಡು ಒಂದೊಂದು 190 ಗ್ರಾಂ. ತ್ರೀಡಿ ಪ್ರಿಂಟ್, ಗಟ್ಟಿಯಾಗಿರಲಿ ಅಂತ ಒಳಗೆಲ್ಲ ತುಂಬಿಸಿಯೇ ತೆಗೆದಿದ್ದೆ. ಬ್ಯಾಟರಿ ಎರಡಿವೆ, ಮೋಟಾರುಗಳ ಮೇಲೆ ಒಂದು ಅಟ್ಟ ಮಾಡಿ ಇಟ್ಟಿದ್ದೇನೆ, ಕೆಳಗೆ ಜಾಗವೇ ಇರಲಿಲ್ಲ. ಹತ್ತು ತೂಗಾಟಕ್ಕೆ 14 ಸೆಕೆಂಡು.

ಹಳೇಹುಟ್ಟು:
ಸಿಕ್ಕಿತು ನೋಡಿ. ಅಸಲಿ ಒಸಾ ಪೂರ್ತಿ ತುಂಬಿದಾಗ 200 ಟನ್ ಚಿಲ್ಲರೆ. ತೂಕ ಅಳತೆಯ ಘನದ ಲೆಕ್ಕದಲ್ಲಿ ಇಳಿಯುತ್ತದೆ, ಅಂದರೆ 40×40×40, 64,000ದಿಂದ ಭಾಗಿಸಬೇಕು, ಸುಮಾರು 3.2 ಕೆಜಿ ಬರುತ್ತದೆ. ನಿಮ್ಮದು ಒಂದು ಕೆಜಿಗೂ ಜಾಸ್ತಿ. ಅಸಲಿ ಪಿ-15 ಮಿಸೈಲ್ 2.3 ಟನ್, ನಿಮ್ಮ ಅಳತೆಗೆ 36 ಗ್ರಾಂ. ಗೂಡಿನ ತೂಕ ಸೇರಿಸಿದರೂ 190 ಎಲ್ಲಿ, ಅದು ಎಲ್ಲಿ! ಅದೂ ಡೆಕ್ಕಿನ ಮೇಲೆ. ಸೋವಿಯತ್‌ನವರು ಹಲ್ (ಬೋಟಿನ ಕೆಳಮೈ) ಉಕ್ಕಿನಲ್ಲಿ ಮಾಡಿ, ಮೇಲಿನ ಕಟ್ಟಡಕ್ಕೆ ಹಗುರ ಅಲ್ಯುಮಿನಿಯಂ ಮಿಶ್ರಲೋಹ ಹಾಕಿದ್ದು ಸುಮ್ನೆ ಅಲ್ಲ.

ತೂಗಾಟದ ಲೆಕ್ಕ ಹೀಗೆ: ಅಗಲ ಮೀಟರಿನಲ್ಲಿ, ಅದನ್ನು 0.8ರಿಂದ ಗುಣಿಸಿ, ಒಂದು ತೂಗಾಟದ ಸೆಕೆಂಡಿನಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ. ನಿಮಗೆ 12 ಮಿಲಿಮೀಟರ್ ಬರುತ್ತದೆ. ಬೋಟು ನೆಟ್ಟಗೆ ನಿಲ್ಲೋ ತಾಕತ್ತಿಗೆ ಇದೇ ಅಳತೆ. ತೀರಾ ಕಡಿಮೆ. ಸೀಸ ಹಾಕಿದರೆ ಇದು ಜಾಸ್ತಿ ಆಗಬಹುದು, ಆದರೆ ಬೋಟು ಇನ್ನೂ ಮುಳುಗಿ ಕೂರುತ್ತದೆ, ಡೆಕ್ಕಿನ ಅಂಚು ನೀರಿಗೆ ಇನ್ನೂ ಹತ್ತಿರ ಬರುತ್ತದೆ, ವೇಗ ಬೇಕು ಅಂತ ದೊಡ್ಡ ಬ್ಯಾಟರಿ ಹುಡುಕುತ್ತೀರಿ, ಅದನ್ನಿಡೋಕೆ ಮತ್ತೆ ಅಟ್ಟವೇ ಗತಿ. ಮೇಲಿನದನ್ನು ತೆಗೆಯಿರಿ ಮೊದಲು.

ತೇಲುಮರ:
ವೇಗದ ಬಗ್ಗೆ ಯಾರೂ ಮಾತಾಡಲಿಲ್ವಲ್ಲ. ವೇಗ ಇಳಿಯೋದು ಅಳತೆಯ ವರ್ಗಮೂಲದ ಲೆಕ್ಕದಲ್ಲಿ, 1:40ಕ್ಕೆ 6.3ರಿಂದ ಭಾಗಿಸಬೇಕು. ಒಸಾದ 38 ನಾಟ್ (ಗಂಟೆಗೆ ಸುಮಾರು 70 ಕಿಲೋಮೀಟರ್) ನಿಮ್ಮ ಕೊಳದಲ್ಲಿ ಗಂಟೆಗೆ 11 ಕಿಲೋಮೀಟರ್ ಅಷ್ಟೇ. ನೀವು ಓಡಿಸುತ್ತಿರೋದು 65 ನಾಟ್‌ಗೆ ಸಮ! ನಾರ್ವೆಯ ಶೋಲ್ಡ್ ಬೋಟು 60 ನಾಟ್ ಮುಟ್ಟುತ್ತದೆ ನಿಜ, ಆದರೆ ಅದಕ್ಕೆ ಜೋಡಿ ಹಲ್, ನಡುವೆ ಫ್ಯಾನಿನಿಂದ ಗಾಳಿ ತುಂಬಿ ಮೇಲೆತ್ತುತ್ತಾರೆ, ಮೈಯೆಲ್ಲ ಫೈಬರ್. ಒಸಾದ ಹಲ್‌ನಿಂದ ಆ ಕೆಲಸ ಮಾಡಿಸಿದರೆ ಮೂತಿ ಎದ್ದು, ನೀರು ಹಿಡಿಯುವ ಜಾಗ ಹಿಂದಷ್ಟೇ ಉಳಿದು, ತಿರುವಿನಲ್ಲಿ ಮಗುಚದೆ ಇನ್ನೇನು. ರಡ್ಡರ್ ಎಷ್ಟು ಡಿಗ್ರಿ ತಿರುಗುತ್ತೆ?

ಚುಕ್ಕಾಣಿ:
35. ಒಂದು ಬ್ಯಾಟರಿ ತೆಗೆದರೆ ಓಡುವ ಸಮಯ ಅರ್ಧ ಆಗುತ್ತಲ್ಲ ಅಂತ ಸಂಕಟ.

ಹಳೇಹುಟ್ಟು:
ಆಗಲಿ ಬಿಡಿ. ಅಸಲಿ ಬೋಟಿಗೂ ಇದೇ ಪಾಡು, ಜೋರಾಗಿ ಓಡಿಸಿದಷ್ಟೂ ಹತ್ತಿರದಲ್ಲೇ ಇಂಧನ ಮುಗಿಯುತ್ತಿತ್ತು. 1971ರ ಡಿಸೆಂಬರ್ 4ರ ರಾತ್ರಿ ಕರಾಚಿ ಮೇಲೆ ದಾಳಿಗೆ ಹೋದ ನಮ್ಮ ನೌಕಾಪಡೆಯ ನಿಪಾತ್, ನಿರ್ಘಾತ್, ವೀರ್ ಇದೇ ಒಸಾ ಬೋಟುಗಳು. ಜೊತೆಗೆ ಎರಡು ದೊಡ್ಡ ಹಡಗು ಕಳಿಸಿದ್ದರು. ಚಿಕ್ಕ ಮೈಯಲ್ಲಿ ನಾಲ್ಕು ಮಿಸೈಲ್ ತುರುಕಿದ ಮೇಲೆ ಮಿಕ್ಕಿದ್ದಕ್ಕೆ ಜಾಗ ಎಲ್ಲಿಂದ ಬರಬೇಕು?

ರಡ್ಡರ್ 20ಕ್ಕೆ ಇಳಿಸಿ.

ತೇಲುಮರ:
ಒಂದು ಮಾತು, ತೂಕವನ್ನೆಲ್ಲ ತಳಕ್ಕೇ ಇಳಿಸಲೂ ಹೋಗಬೇಡಿ. ಆಗ ಅಲೆ ಬಂದರೆ ಬೋಟು ಚಟ್ಟಂತ ನೆಟ್ಟಗಾಗುತ್ತದೆ. ನೋಡೋಕೆ ಆಟದ ಸಾಮಾನು ಥರ. ಅಸಲಿ ಬೋಟಿನಲ್ಲಾದರೆ ಒಳಗಿದ್ದವರ ಮೈಕೈ ಪುಡಿ, ತೋಪಿನ ಗುರಿಯೂ ಕೆಡುತ್ತದೆ.

ಚುಕ್ಕಾಣಿ:
ಭಾನುವಾರ ನೀರಿಗೆ ಬಿಟ್ಟೆ. ಗೂಡುಗಳನ್ನು ಪೊಳ್ಳಾಗಿ ಮತ್ತೆ ಪ್ರಿಂಟ್ ಮಾಡಿದೆ, ಒಂದೊಂದು 55 ಗ್ರಾಂ. ಅಟ್ಟ ಕಿತ್ತು, ಒಂದೇ ಬ್ಯಾಟರಿಯನ್ನು ಮೋಟಾರಿನ ಮುಂದೆ ತಳಕ್ಕೆ ಕೂರಿಸಿದೆ. ಈಗ 3.3 ಕೆಜಿ, ಹತ್ತು ತೂಗಾಟಕ್ಕೆ ಒಂಬತ್ತೂವರೆ ಸೆಕೆಂಡು, ಲೆಕ್ಕ ಹಾಕಿದರೆ 26 ಮಿಲಿಮೀಟರ್. ಗಂಟೆಗೆ 12 ಕಿಲೋಮೀಟರಿಗೆ ಮಿತಿ ಹಾಕಿದ್ದೇನೆ. ತಿರುವಿನಲ್ಲಿ ಸ್ವಲ್ಪ ಹೊರಗೆ ವಾಲುತ್ತದೆ, ಡೆಕ್ ಒಣಗೇ ಇರುತ್ತದೆ. ಬ್ಯಾಟರಿ ಹನ್ನೆರಡು ನಿಮಿಷಕ್ಕೆ ಮುಗಿಯಿತು, ದಡದಿಂದ ಹತ್ತು ಅಡಿ ದೂರದಲ್ಲಿ. ಪ್ಯಾಂಟು ಮಡಚಿಕೊಂಡು ಹೋಗಿ ತಂದೆ.