ಗದ್ದೆಯೆಲ್ಲಾ ಅಡಿಕೆ ಆದರೆ ನೋಡೋಕೆ ಮಾತ್ರ ಬೇಜಾರಾ, ನಿಜಕ್ಕೂ ತೊಂದರೆ ಇದೆಯಾ?

ಗದ್ದೆಮನೆ:
ತೀರ್ಥಹಳ್ಳಿ ಕಡೆ ನಮ್ಮೂರು. ಮೊದಲು ಬಸ್ಸಿಳಿದರೆ ಗದ್ದೆ ಬಯಲು ಕಾಣುತ್ತಿತ್ತು, ಈಗ ಕಣ್ಣು ಹಾಯಿಸಿದಷ್ಟೂ ಅಡಿಕೆ, ಅದೂ ಒಂದೇ ವಯಸ್ಸಿನ, ಒಂದೇ ಎತ್ತರದ ಮರಗಳು. ನನಗಂತೂ ಏಕತಾನ ಅನ್ನಿಸುತ್ತದೆ. ಉಳಿದಿರುವ ಕೊನೇ ಗದ್ದೆಗೂ ಸಸಿ ಹಾಕೋಣ ಅಂತ ಅಪ್ಪನ ಹಟ. ಬೇಡ ಅಂದರೆ, ಬೆಂಗಳೂರಲ್ಲಿ ಕೂತವನಿಗೆ ಚೆಂದ ಕಾಣಲಿ ಅಂತ ಭತ್ತ ಬೆಳೆಯಬೇಕಾ ಅನ್ನುತ್ತಾರೆ. ಬೇಜಾರು ಬಿಟ್ಟು ಬೇರೆ ಕಾರಣ ಇದ್ದರೆ ಹೇಳಿ.

ಕೊನೆಗೌಡ:
ನಿಮ್ಮಪ್ಪ ಹೇಳೋದೇ ಸರಿ. ನಾಟಿಗೆ ಆಳಿಲ್ಲ, ಸಿಕ್ಕರೂ ಭತ್ತ ಮಾರಿದರೆ ಕೂಲಿ ಹುಟ್ಟಲ್ಲ, ಉಳಿದದ್ದು ಹಂದಿ ಪಾಲು. ಬೇಜಾರಾದರೆ ಜೋಗ ನೋಡಿ ಬನ್ನಿ.

ಬೆಟ್ಟದಸೊಪ್ಪು:
ದುಡ್ಡಿನ ಮಾತು ಒಪ್ಪಿದೆ. ಆದರೆ ಹಳೇ ತೋಟಗಳು ಬರೀ ಅಡಿಕೆ ಆಗಿರಲಿಲ್ಲ, ಅಲ್ವಾ? ಮರಕ್ಕೆ ಮೆಣಸಿನ ಬಳ್ಳಿ ಇಲ್ಲವೇ ವೀಳ್ಯದೆಲೆ, ನಡುವೆ ಬಾಳೆ, ತಂಪಿರುವಲ್ಲಿ ಏಲಕ್ಕಿ. ಒಂದಕ್ಕೆ ರೇಟು ಬಿದ್ದ ವರ್ಷ ಇನ್ನೊಂದು ಕೈ ಹಿಡಿಯುತ್ತಿತ್ತು. ಈಗ ಎಲೆಚುಕ್ಕಿ ರೋಗ ನೋಡಿ. ಸೋಗೆ ಮೇಲೆ ಮೊದಲು ಸಣ್ಣ ಕಂದು ಚುಕ್ಕಿ, ಸುತ್ತ ಹಳದಿ ಅಂಚು, ಆಮೇಲೆ ಚುಕ್ಕಿಗಳೆಲ್ಲ ಕೂಡಿಕೊಂಡು ಸೋಗೆಯೇ ಸುಟ್ಟ ಹಾಗೆ ಒಣಗುತ್ತದೆ. ಗಾಳಿ ಮಳೆಯಲ್ಲಿ ಹರಡುವ ಶಿಲೀಂಧ್ರ ಅದು. ಮೊದಲು ಎರಡು ತೋಟಗಳ ನಡುವೆ ಗದ್ದೆಯ ಅಂತರ ಇತ್ತು, ಈಗ ಸೋಗೆಗೆ ಸೋಗೆ ತಾಗುತ್ತದೆ. ನಂಜನಗೂಡು ರಸಬಾಳೆಯನ್ನು ಪನಾಮಾ ಸೊರಗು ರೋಗ ಮೂಲೆಗೆ ತಳ್ಳಿದ್ದು ಗೊತ್ತಲ್ಲ, ಬಾಳೆ ಬರೋದು ಬೀಜದಿಂದಲ್ಲ, ಬುಡದ ಕಂದಿನಿಂದ, ಅಂದರೆ ಮರಿಯಿಂದ, ಹಾಗಾಗಿ ಒಂದು ಗಿಡದ ದೌರ್ಬಲ್ಯ ಎಲ್ಲಾ ಗಿಡದ್ದೂ.

ಗದ್ದೆಮನೆ:
ಹಾಗಾದರೆ ಅಡಿಕೆ ಜೊತೆ ಮೆಣಸು, ಕೋಕೋ ಹಾಕಿದರೆ ಸಾಕಾ?

ಮಣ್ಣುಹುಳ:
ಸುಮ್ನೆ ಹೆಸರು ಜಾಸ್ತಿ ಮಾಡಿದರೆ ಆಗಲ್ಲ. ಅಡಿಕೆಯ ಕೊಳೆ ರೋಗ, ಮೆಣಸಿನ ಶೀಘ್ರ ಸೊರಗು ರೋಗ, ಕೋಕೋ ಕಾಯಿ ಕೊಳೆಯೋದು, ಮೂರಕ್ಕೂ ಫೈಟಾಫ್ತೊರಾ ಅನ್ನೋ ಶಿಲೀಂಧ್ರದಂಥ ಸೂಕ್ಷ್ಮಜೀವಿ ಕುಲದವೇ ಕಾರಣ. ನೀರು ನಿಂತರೆ ಅವಕ್ಕೆ ಹಬ್ಬ. ಗದ್ದೆ ಮಣ್ಣನ್ನು ನೀರು ನಿಲ್ಲಲಿ ಅಂತಲೇ ತಲೆಮಾರುಗಟ್ಟಲೆ ಕೆಸರು ಮಾಡಿ ಹದ ಮಾಡಿರುತ್ತಾರೆ, ಬಸಿಗಾಲುವೆ ಆಳ ಇಲ್ಲದಿದ್ದರೆ ಮೊದಲು ಹೋಗೋದು ಮೆಣಸಿನ ಬಳ್ಳಿ. ಮಳೆ ಹಿಡಿಯುವ ಮೊದಲೇ 1% ಬೋರ್ಡೋ ದ್ರಾವಣ ಹೊಡೆಯಬೇಕು, ಅಂದರೆ 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ಆ ಗದ್ದೆ ತಗ್ಗಿನಲ್ಲಿದ್ದರೆ ಭತ್ತಕ್ಕೇ ಬಿಡಿ.

ಗದ್ದೆಮನೆ:
ತಗ್ಗಿನಲ್ಲೇ ಇದೆ, ಆಷಾಢದಲ್ಲಿ ಮೊಣಕಾಲು ನೀರು. ಅಪ್ಪನಿಗೆ ಇದನ್ನೆಲ್ಲ ಓದಿ ಹೇಳುತ್ತೇನೆ, ಕೊನೆಗೌಡರ ಉತ್ತರ ಒಂದು ಬಿಟ್ಟು.