ಪದ ಬೇಕು: ವ್ಯಾಕರಣದ 'ಡ್ರಿಲ್'ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ದೊಡ್ಡವರಾದ ಮೇಲೆ ಇಂಗ್ಲಿಷ್ ಕಲಿಯುವವರಿಗಾಗಿ ಇರುವ ಒಂದು ಪುಸ್ತಕವನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಸಂಜೆಯೊಳಗೆ ಪುಟಗಳು ಅಚ್ಚಿಗೆ ಹೋಗಬೇಕು. ಒಂದೇ ಪದ ಕಾಡುತ್ತಿದೆ: ಡ್ರಿಲ್. 'ಎಕ್ಸರ್ಸೈಜ್'ಗೆ 'ಅಭ್ಯಾಸ' ಅಂತ ಆಗಲೇ ಹಾಕಿಬಿಟ್ಟಿದ್ದೇನೆ. ಇದು ಬೇರೆ. ವಾಕ್ಯದ ಚೌಕಟ್ಟು ಹಾಗೇ ಇರುತ್ತದೆ, ಒಂದು ಪದ ಬದಲಾಗುತ್ತಾ ಹೋಗುತ್ತದೆ. 'ಐ ಹ್ಯಾವ್ ರಿಟನ್ ದ ಲೆಟರ್.' ಮೇಷ್ಟ್ರು 'ಶಿ' ಅಂದರೆ 'ಶಿ ಹ್ಯಾಸ್ ರಿಟನ್ ದ ಲೆಟರ್.' 'ದೇ' ಅಂದರೆ ಮತ್ತೆ 'ಹ್ಯಾವ್'. ಯೋಚಿಸದೆ ಬಾಯಿಗೆ ಬರುವ ತನಕ. 'ಕವಾಯತು' ನಡೆಯುತ್ತಾ?

* * *

ಚೆನ್ನಾಗೇ ನಡೆಯುತ್ತೆ. ಕವಾಯತಿನ ಮೂಲ ಅರಬ್ಬಿಯ 'ಕವಾಇದ್', ಅಂದರೆ ನಿಯಮಗಳು. ಉರ್ದುವಿನಲ್ಲಿ ಇವತ್ತಿಗೂ ವ್ಯಾಕರಣಕ್ಕೆ 'ಕವಾಇದ್' ಅಂತಲೇ ಅನ್ನುತ್ತಾರೆ! ಸಿಪಾಯಿಗಳ ಜೊತೆ ಹೋಗಿದ್ದ ಪದ ಮನೆಗೆ ವಾಪಸು ಬಂದ ಹಾಗಾಯಿತು. ಈ ಪಾಠದ ಕ್ರಮವೂ ಅಷ್ಟೇ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಅಮೆರಿಕದ ಸೈನಿಕರಿಗೆ ಬೇರೆ ಭಾಷೆ ಕಲಿಸಲು ಇದನ್ನು ಜಾಸ್ತಿ ಬಳಸಿದರು.

* * *

> ಕವಾಯತಿನ ಮೂಲ ಅರಬ್ಬಿಯ

ಅದಕ್ಕೆ ಹೆಮ್ಮೆ ಬೇರೆ. ಕವಾಯತು ಅಂದ ತಕ್ಷಣ ಓದುಗನಿಗೆ ಕಾಣುವುದು ಬೂಟು, ಕೇಳುವುದು ಸೀಟಿ. ಇನ್ನು ತಾಲೀಮು, ಕಸರತ್ತು ಅಂತ ಬರೆಯಲು ಕೂತಿರುವವರಿಗೂ ಹೇಳಿಬಿಡುತ್ತೇನೆ: ಅವೂ ಅಲ್ಲಿಂದಲೇ ಬಂದವು. ನಮ್ಮದೇ 'ವರಸೆ' ಇಲ್ವಾ? ಸರಳೆವರಸೆ, ಜಂಟಿವರಸೆ ಅಂತ ಸಂಗೀತದವರು ಮಾಡಿಸುವುದೂ ಇದನ್ನೇ. 'ವಾಕ್ಯವರಸೆ' ಅನ್ನಿ. ವರಸೆ ಅಂದರೆ ಸಾಲು, ಅಚ್ಚ ದ್ರಾವಿಡ.

* * *

'ವಾಕ್ಯ' ಯಾವ ದ್ರಾವಿಡ, ಸ್ವಾಮಿ?

* * *

ಈ ಜಗಳ ಮುಗಿಯೋದಲ್ಲ. 'ಡ್ರಿಲ್' ಇಂಗ್ಲಿಷಿನವರದ್ದೂ ಅಲ್ಲ. ಡಚ್ಚರ 'ಡ್ರಿಲ್ಲೆನ್', ಕೊರೆಯುವುದು. ಸಾಲ ತಂದು ಅವರೇನೂ ಬಡವಾಗಲಿಲ್ಲ.

ಅದಕ್ಕಿಂತ ಉದಾಹರಣೆ ಕಡೆ ನೋಡಿ. 'ಹ್ಯಾವ್ ರಿಟನ್' ಪಕ್ಕದಲ್ಲಿ ಸುಮ್ನೆ 'ಬರೆದಿದ್ದೇನೆ' ಅಂತ ಕೊಟ್ಟಿದ್ದೀರಾ? ಕೊಟ್ಟಿದ್ದರೆ ಅಲ್ಲೇ ಒಂದು ಎಚ್ಚರಿಕೆ ಸೇರಿಸಿ. ನಾವು 'ನಿನ್ನೆಯೇ ಬರೆದಿದ್ದೇನೆ' ಅಂತ ಸಲೀಸಾಗಿ ಅನ್ನುತ್ತೇವೆ. ಅದನ್ನು ಹಾಗೇ ಎತ್ತಿ 'ಐ ಹ್ಯಾವ್ ರಿಟನ್ ಇಟ್ ಎಸ್ಟರ್ಡೇ' ಅಂದರೆ ತಪ್ಪು. 'ನಿನ್ನೆ' ಬಂದರೆ 'ಐ ರೋಟ್'. 'ಎರಡು ವರ್ಷದಿಂದ ಇಲ್ಲಿದ್ದೇನೆ' ಅನ್ನುವುದೂ ಹೀಗೇ ಕೈಕೊಡುತ್ತದೆ. 'ಐ ಆಮ್ ಹಿಯರ್ ಸಿನ್ಸ್ ಟು ಇಯರ್ಸ್' ಅನ್ನುತ್ತಾರೆ. ಬೇಕಾದ್ದು 'ಐ ಹ್ಯಾವ್ ಬೀನ್ ಹಿಯರ್ ಫಾರ್ ಟು ಇಯರ್ಸ್'. ಇದನ್ನು ತಿದ್ದದೆ ನೂರು ಸಲ ಹೇಳಿಸಿದರೆ ತಪ್ಪೇ ಗಟ್ಟಿಯಾಗುತ್ತದೆ ಅಷ್ಟೇ.

ಹೆಸರಿಗೆ 'ವಾಕ್ಯಮಗ್ಗಿ' ಸಾಕು. ಎರಡೊಂದ್ಲ ಎರಡು, ಎರಡೆರಡ್ಲ ನಾಲ್ಕು. ಚೌಕಟ್ಟು ಅದೇ, ಅಂಕಿ ಬೇರೆ.

* * *

ಮಗ್ಗಿ ಅಂದರೆ ಉರು ಹೊಡೆಯುವುದು. ಅರ್ಥ ಬೇಡ್ವಾ? ವರಸೆಯಲ್ಲಿ ಕಲೆ ಇದೆ.

* * *

ಈ ಪುಟದಲ್ಲಿ ಉರು ಹೊಡೆಯುವುದೇ ಕೆಲಸ. ಅರ್ಥ ಹಿಂದಿನ ಪುಟದಲ್ಲಿರುತ್ತೆ.

* * *

'ವಾಕ್ಯಮಗ್ಗಿ' ಹಾಕಿದೆ. 'ನಿನ್ನೆ'ಯ ಎಚ್ಚರಿಕೆಯೂ ಸೇರಿತು, ಅದಕ್ಕೆ ಜಾಗ ಮಾಡಲು ಒಂದು ಚಿತ್ರ ತೆಗೆಯಬೇಕಾಯಿತು. ಎಲ್ಲರಿಗೂ ಥ್ಯಾಂಕ್ಸ್. 'ಟೆನ್ಸ್'ಗೆ 'ಕಾಲ' ಅಂತಲೇ ಬಿಟ್ಟಿದ್ದೇನೆ, ದಯವಿಟ್ಟು ಯಾರೂ ಅದರ ಮೂಲ ಕೆದಕಬೇಡಿ.