ನೋಡಿ ಬಿಡಿಸಿದರೆ ಬರುತ್ತದೆ, ಮನಸ್ಸಿನಿಂದ ಬಿಡಿಸಲು ಕೂತರೆ ಕೈ ಓಡಲ್ಲ. ಕಲಾವಿದರು ನಿಜವಾಗಿ ಕಲಿಯುವುದು ಹೇಗೆ?

ಖಾಲಿಹಾಳೆ:

ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಚಿತ್ರ ಬಿಡಿಸುವುದನ್ನು ಕಲಿಯುತ್ತಿದ್ದೇನೆ. ಕಲಿಯುತ್ತಿದ್ದೇನೆ ಅಂದರೆ, ಕೆಲಸ ಮುಗಿಸಿ ಬಂದು ರಾತ್ರಿ ಒಂದು ವಿಡಿಯೋ ಹಾಕಿಕೊಂಡು ಕೂರುತ್ತೇನೆ, ಅವರು ಒಂದು ಗೆರೆ ಎಳೆದರೆ ನಿಲ್ಲಿಸಿ ನಾನೂ ಒಂದು ಗೆರೆ ಎಳೆಯುತ್ತೇನೆ. ಕೊನೆಗೆ ನೋಡಿದರೆ ಪರವಾಗಿಲ್ಲ ಅನ್ನಿಸುತ್ತದೆ. ಫೋಟೋ ನೋಡಿಕೊಂಡು ಮುಖ ಬಿಡಿಸಿದರೆ ಯಾರದ್ದು ಅಂತ ಮನೆಯವರು ಗುರುತು ಹಿಡಿಯುತ್ತಾರೆ. ಸುಮ್ನೆ ಹೊಗಳುತ್ತಿಲ್ಲ, ನಿಜವಾಗಿಯೂ ಹಿಡಿಯುತ್ತಾರೆ.

ಮೊನ್ನೆ ಅಕ್ಕನ ಮಗಳು ಬಂದಿದ್ದಳು. 7 ವರ್ಷ. "ಮಾಮ, ಕುರ್ಚಿ ಮೇಲೆ ಕೂತಿರೋ ಅಜ್ಜಿ ಬಿಡಿಸಿಕೊಡು" ಅಂದಳು. ಇದೇನು ಮಹಾ ಅಂತ ಪೆನ್ಸಿಲ್ ಹಿಡಿದೆ. ಕೈ ಓಡಲೇ ಇಲ್ಲ. ಅಜ್ಜಿಯ ತೊಡೆ ಎಲ್ಲಿ ಮುಗಿಯಬೇಕು, ಮಂಡಿ ಎಲ್ಲಿ ಮಡಿಸಬೇಕು, ಒಂದೂ ಗೊತ್ತಾಗಲಿಲ್ಲ. ಹೇಗೋ ಮುಗಿಸಿ ಕೊಟ್ಟೆ. ಅವಳು ಸ್ವಲ್ಪ ಹೊತ್ತು ನೋಡಿ "ಅಜ್ಜಿ ಬಿದ್ದುಹೋಗ್ತಾಳೆ" ಅಂದಳು.

ಅವತ್ತಿನಿಂದ ತಲೆ ಕೆಟ್ಟಿದೆ. ಎರಡು ವರ್ಷ ನಾನು ಮಾಡಿದ್ದು ಬರೀ ನಕಲಾ? ನಕಲು ಮಾಡುವುದು ಮೋಸ ಅಂತ ಕೆಲವರು ಹೇಳುತ್ತಾರೆ, ಇನ್ನು ಕೆಲವರು ಎಲ್ಲರೂ ಶುರು ಮಾಡುವುದೇ ಹಾಗೆ ಅನ್ನುತ್ತಾರೆ. ಮನಸ್ಸಿನಿಂದ ಬಿಡಿಸುವವರು ಹುಟ್ಟಿನಿಂದಲೇ ಹಾಗಾ, ಅಥವಾ ಅದಕ್ಕೂ ಒಂದು ದಾರಿ ಇದೆಯಾ? ನನಗೆ 34. ತಡವಾಯಿತು ಅಂತಾದರೆ ಅದನ್ನೂ ಹೇಳಿಬಿಡಿ, ಬೇಜಾರಿಲ್ಲ.

ಚುಟುಕ:

ವಿಡಿಯೋ ನಿಲ್ಲಿಸಿ. ಈಜುವುದನ್ನು ದಡದಲ್ಲಿ ಕೂತು ಕಲಿತವರಿಲ್ಲ.

ಗೀರುಗೆರೆ:

ಚುಟುಕ ಅವರೇ, ಪಾಪ ಅವರು ಗೆರೆ ಎಳೆಯುತ್ತಲೂ ಇದ್ದಾರಲ್ಲ, ಬರೀ ದಡದಲ್ಲಿ ಕೂತಿಲ್ಲ. ತೊಂದರೆ ಬೇರೆ ಕಡೆ ಇದೆ.

ಖಾಲಿಹಾಳೆ, ಒಂದು ಪ್ರಶ್ನೆ. ಆ ಕುರ್ಚಿಯ ನಾಲ್ಕೂ ಕಾಲುಗಳ ತುದಿ ಹಾಳೆಯಲ್ಲಿ ಒಂದೇ ಸಾಲಿಗೆ ಬಂದಿವೆಯಾ? ಬಂದಿರುತ್ತವೆ ಅಂತ ಪಣ ಕಟ್ಟುತ್ತೇನೆ. ನಾಲ್ಕೂ ಕಾಲು ನೆಲದ ಮೇಲೇ ಇವೆ ಅಂತ ಮನಸ್ಸಿಗೆ ಗೊತ್ತು, ಹಾಗಾಗಿ ಕೈ ನಾಲ್ಕನ್ನೂ ಒಂದೇ ಮಟ್ಟಕ್ಕೆ ಎಳೆದು ತಂದು ನಿಲ್ಲಿಸುತ್ತದೆ. ಆದರೆ ನಿಂತುಕೊಂಡು ಕುರ್ಚಿಯನ್ನು ನೋಡಿದರೆ ಕಾಣುವುದು ಹಾಗಲ್ಲ. ಹಿಂದಿನ ಕಾಲುಗಳ ತುದಿ ಮುಂದಿನವಕ್ಕಿಂತ ಮೇಲೆ ಇರುತ್ತದೆ. ಲೋಟದ್ದೂ ಇದೇ ಕಥೆ. ಬಾಯಿ ದುಂಡಗಿದೆ ಅಂತ ಗೊತ್ತಿರುವುದರಿಂದ ಅದನ್ನು ಜಾಸ್ತಿ ದುಂಡಗೆ ಬಿಡಿಸುತ್ತೇವೆ, ತಳ ಮೇಜಿನ ಮೇಲೆ ಸಪಾಟಾಗಿ ಕೂತಿದೆ ಅಂತ ಗೊತ್ತಿರುವುದರಿಂದ ಅಲ್ಲಿ ನೇರ ಗೆರೆ ಎಳೆದುಬಿಡುತ್ತೇವೆ. ಮೇಲಿನಿಂದ ನೋಡಿದಾಗ ತಳದ ಬಾಗು ಬಾಯಿಯ ಬಾಗಿಗಿಂತ ಹೆಚ್ಚು. ಒಂದು ಲೋಟ ಎದುರಿಗೆ ಇಟ್ಟುಕೊಂಡು ನೋಡಿ, ನಾನು ಹೇಳಿದ್ದಕ್ಕೆ ನಂಬಬೇಡಿ.

ಅಂದರೆ ನಮ್ಮ ಕೈಗೆ ಬರದೇ ಇರುವುದಕ್ಕೆ ಮುಖ್ಯ ಕಾರಣ ಕೈ ಅಲ್ಲ, ಕಣ್ಣು. ಫೋಟೋ ನೋಡಿ ಬಿಡಿಸುವಾಗ ಕುರ್ಚಿ ಹೇಗಿದೆ ಅಂತ ತಿಳಿಯುವ ಅಗತ್ಯವೇ ಬರುವುದಿಲ್ಲ. ಪಕ್ಕದಲ್ಲೇ ಉತ್ತರ ಇದೆಯಲ್ಲ, ಗೆರೆ ನೋಡಿ ಗೆರೆ ಎಳೆದರೆ ಆಯಿತು.

ನನಗೆ ಕೆಲಸಕ್ಕೆ ಬಂದಿದ್ದು ಒಂದೇ ಉಪಾಯ. ಕುರ್ಚಿಯನ್ನು ನೋಡಿಕೊಂಡು ಒಂದು ಸಲ ಬಿಡಿಸಿ. ಆಮೇಲೆ ಬೇರೆ ಕೋಣೆಗೆ ಹೋಗಿ, ಆ ಹಾಳೆಯನ್ನೂ ಮುಚ್ಚಿಟ್ಟು, ನೆನಪಿನಿಂದ ಇನ್ನೊಂದು ಬಿಡಿಸಿ. ಸಿಕ್ಕಾಪಟ್ಟೆ ಕೆಟ್ಟದಾಗಿ ಬರುತ್ತದೆ, ಬರಲಿ. ಈಗ ಅದನ್ನು ಹಿಡಿದುಕೊಂಡು ಕುರ್ಚಿ ಹತ್ತಿರ ವಾಪಸ್ ಬಂದು, ಎಲ್ಲೆಲ್ಲಿ ತಪ್ಪಿದೆಯೋ ಅಲ್ಲೆಲ್ಲ ಕೆಂಪು ಪೆನ್ಸಿಲಿನಲ್ಲಿ ತಿದ್ದಿ. ರಬ್ಬರ್ ಮುಟ್ಟಬೇಡಿ, ಅಳಿಸಿದರೆ ತಪ್ಪು ಕಾಣುವುದಿಲ್ಲ. ಮರುದಿನ ಅದೇ ಕುರ್ಚಿ. ಹೊಸ ಕುರ್ಚಿ ಅಲ್ಲ.

ಕಾಲುಗಳು ತೀರಾ ಕಾಟ ಕೊಟ್ಟರೆ ಕಾಲು ಬಿಡಿಸುವುದು ಬಿಟ್ಟು, ಕಾಲುಗಳ ನಡುವಿನ ಖಾಲಿ ಜಾಗದ ಆಕಾರ ಬಿಡಿಸಿ. ಆ ಖಾಲಿ ಜಾಗ ಹೇಗಿರಬೇಕು ಅಂತ ಮನಸ್ಸಿಗೆ ಯಾವ ಪೂರ್ವಗ್ರಹವೂ ಇಲ್ಲ, ಹಾಗಾಗಿ ಕಣ್ಣು ಹೇಳಿದ್ದನ್ನು ಕೈ ಕೇಳುತ್ತದೆ.

34ರ ವಿಷಯ. ವಿನ್ಸೆಂಟ್ ವ್ಯಾನ್ ಗೋ ಚಿತ್ರಕಾರ ಆಗುತ್ತೇನೆ ಅಂತ ತೀರ್ಮಾನ ಮಾಡಿದ್ದು 1880ರಲ್ಲಿ, ಆಗ ಅವನಿಗೆ 27. ಶುರು ಮಾಡಿದ್ದು ಹೇಗೆ? ಷಾರ್ಲ್ ಬಾರ್ಗ್ ಅನ್ನುವವನು ಕಲಿಯುವವರಿಗಾಗಿ ಮಾಡಿದ್ದ ಚಿತ್ರದ ಹಾಳೆಗಳನ್ನು ತರಿಸಿಕೊಂಡು, ಒಂದರಿಂದ ಕೊನೆಯವರೆಗೆ ನಕಲು ಮಾಡಿದ, ಮತ್ತೆ ಮೊದಲಿನಿಂದ ಮಾಡಿದ. 1890ರಲ್ಲಿ ತೀರಿಕೊಂಡ. ಇದ್ದಿದ್ದು ಹತ್ತೇ ವರ್ಷ. ನಿಮಗೆ 34 ಜಾಸ್ತಿ ಅನ್ನಿಸಿದರೆ ನನಗೇನೂ ಹೇಳಲಿಕ್ಕಿಲ್ಲ.

ಅರೆಶ್ರುತಿ:

ಚಿತ್ರ ನನಗೆ ಬರಲ್ಲ, ನಾನು ಪಿಟೀಲು ಕಲಿಯುತ್ತಿರುವವಳು. ಆದರೆ ಗೀರುಗೆರೆ ಹೇಳಿದ್ದು ಓದುತ್ತಾ ನನ್ನ ಕಥೆಯೇ ಅನ್ನಿಸಿತು.

ಬಹಳ ವರ್ಷ ನಾನು ಅಭ್ಯಾಸ ಅಂದುಕೊಂಡಿದ್ದು ಇದನ್ನು: ಒಂದು ರಚನೆಯನ್ನು ಮೊದಲಿನಿಂದ ನುಡಿಸುತ್ತಾ ಹೋಗುವುದು, ಒಂದು ಕಡೆ ತಪ್ಪುವುದು, "ಅಯ್ಯೋ" ಅನ್ನುವುದು, ಮತ್ತೆ ಮೊದಲಿನಿಂದ. ಇದರಿಂದ ಆದ ಲಾಭ ಏನೆಂದರೆ, ನನಗೆ ಮೊದಲೇ ಬರುತ್ತಿದ್ದ ಮೊದಲ ಸಾಲು ಬಹಳ ಚೆನ್ನಾಗಿ ಬರುವ ಹಾಗಾಯಿತು. ತಪ್ಪುವ ಜಾಗ ಮಾತ್ರ ತಪ್ಪುತ್ತಲೇ ಇತ್ತು. ಒಂದು ದಿನ ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿದೆ. ಮುಜುಗರದಿಂದ ಕಿವಿ ಕೆಂಪಾಯಿತು. ತಪ್ಪು ನಾನು ಅಂದುಕೊಂಡ ಸ್ವರದಲ್ಲಿ ಇರಲೇ ಇಲ್ಲ, ಅದಕ್ಕಿಂತ ಎರಡು ಸ್ವರ ಹಿಂದೆ ಇತ್ತು. ಅಲ್ಲೇ ಬೆರಳು ತಡವಾಗಿ ಏಳುತ್ತಿತ್ತು, ಮುಂದಿನದು ಎಡವುತ್ತಿತ್ತು, ಅಷ್ಟೇ. ಆಮೇಲೆ ಆ ನಾಲ್ಕು ಸ್ವರಗಳನ್ನು ಮಾತ್ರ ತೆಗೆದುಕೊಂಡು, ನಗು ಬರುವಷ್ಟು ನಿಧಾನವಾಗಿ ನುಡಿಸಿದೆ. ನಾಲ್ಕು ದಿನ ಮನೆಯವರಿಗೆ ಆ ನಾಲ್ಕು ಸ್ವರ ಬಿಟ್ಟು ಬೇರೇನೂ ಕೇಳಿಸಲಿಲ್ಲ. ಐದನೇ ದಿನ ಸರಿಹೋಯಿತು.

ಹತ್ತು ಸಾವಿರ ಗಂಟೆ ಮಾಡಿದರೆ ಯಾರು ಬೇಕಾದರೂ ಪಂಡಿತರಾಗುತ್ತಾರೆ ಅಂತ ಇಲ್ಲಿ ಯಾರಾದರೂ ಹೇಳುವ ಮುಂಚೆ ಹೇಳಿಬಿಡುತ್ತೇನೆ. ಆ ಲೆಕ್ಕ ಬಂದಿದ್ದು ಮನಶ್ಶಾಸ್ತ್ರಜ್ಞ ಆಂಡರ್ಸ್ ಎರಿಕ್ಸನ್ ಮತ್ತು ಜೊತೆಯವರು 1993ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಿಂದ. ಬರ್ಲಿನ್‌ನಲ್ಲಿ ಪಿಟೀಲು ಕಲಿಯುತ್ತಿದ್ದವರ ಮೇಲೆ ಮಾಡಿದ್ದು. ಎಲ್ಲರಿಗಿಂತ ಚೆನ್ನಾಗಿ ನುಡಿಸುವ ಗುಂಪಿನವರು 20 ವರ್ಷ ಆಗುವಷ್ಟರಲ್ಲಿ ಒಬ್ಬರೇ ಕೂತು ಮಾಡಿದ್ದ ಅಭ್ಯಾಸದ ಸರಾಸರಿ ಸುಮಾರು 10,000 ಗಂಟೆ, ಅಷ್ಟೇ. ಸರಾಸರಿ ಅಂದಮೇಲೆ ಅದಕ್ಕಿಂತ ಕಡಿಮೆ ಮಾಡಿದವರೂ ಅದೇ ಗುಂಪಿನಲ್ಲಿ ಇರುತ್ತಾರೆ ಅಲ್ವಾ. ಎರಿಕ್ಸನ್ ಒತ್ತಿ ಹೇಳಿದ್ದು ಗಂಟೆಯ ಬಗ್ಗೆ ಅಲ್ಲ, ಬರದೇ ಇರುವುದನ್ನೇ ಗುರಿ ಇಟ್ಟು ತಿದ್ದಿಕೊಳ್ಳುವ ಅಭ್ಯಾಸದ ಬಗ್ಗೆ. ನಾನು ಮೊದಲ ಸಾಲನ್ನು ನುಡಿಸಿದ ಗಂಟೆಗಳನ್ನು ಯಾರೂ ಲೆಕ್ಕಕ್ಕೆ ಹಿಡಿಯಲ್ಲ!

ಹರಿದಕರಡು:

ಬರೆಯುವವರಿಗೂ ಇದೇ. ಬೆಂಜಮಿನ್ ಫ್ರಾಂಕ್ಲಿನ್ ಹುಡುಗನಾಗಿದ್ದಾಗ ಅಣ್ಣನ ಮುದ್ರಣಾಲಯದಲ್ಲಿ ಕೆಲಸಕ್ಕಿದ್ದ. ಬರವಣಿಗೆಯನ್ನು ತಾನೇ ತಿದ್ದಿಕೊಂಡ. ಅವನು ಮಾಡಿಕೊಂಡ ಉಪಾಯವನ್ನು ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಒಂದು ಪತ್ರಿಕೆಯಲ್ಲಿ ಇಷ್ಟವಾದ ಲೇಖನ ತೆಗೆದುಕೊಂಡು, ಪ್ರತಿ ವಾಕ್ಯದ ಅರ್ಥವನ್ನು ಒಂದೆರಡು ಪದದಲ್ಲಿ ಟಿಪ್ಪಣಿ ಮಾಡಿಕೊಳ್ಳುವುದು. ಕೆಲವು ದಿನ ಅದನ್ನು ಮರೆತುಬಿಡುವುದು. ಆಮೇಲೆ ಮೂಲವನ್ನು ನೋಡದೆ, ಟಿಪ್ಪಣಿ ಮಾತ್ರ ಇಟ್ಟುಕೊಂಡು ಲೇಖನವನ್ನು ತಾನೇ ಬರೆಯುವುದು. ಕೊನೆಗೆ ಎರಡನ್ನೂ ಪಕ್ಕಪಕ್ಕ ಇಟ್ಟು ತಪ್ಪು ಹುಡುಕುವುದು.

ಹೀಗೆ ಮಾಡಿ ನೋಡಿದಾಗ ತನ್ನ ಹತ್ತಿರ ಪದಗಳೇ ಕಡಿಮೆ ಅಂತ ಅವನಿಗೆ ಗೊತ್ತಾಯಿತು. ಅದಕ್ಕೆ ಕಥೆಗಳನ್ನು ಪದ್ಯ ಮಾಡಿದ. ಪದ್ಯದಲ್ಲಿ ಪ್ರಾಸಕ್ಕೆ, ಅಳತೆಗೆ ಹೊಂದುವ ಪದ ಹುಡುಕಲೇಬೇಕಲ್ಲ. ಸ್ವಲ್ಪ ದಿನ ಬಿಟ್ಟು ಆ ಪದ್ಯವನ್ನು ಮತ್ತೆ ಗದ್ಯ ಮಾಡಿದ. ಒಮ್ಮೊಮ್ಮೆ ಟಿಪ್ಪಣಿಗಳನ್ನು ಬೇಕೆಂದೇ ಕಲಸಿಬಿಟ್ಟು, ಕೆಲವು ವಾರ ಆದಮೇಲೆ ಸರಿಯಾಗಿ ಜೋಡಿಸಲು ನೋಡುತ್ತಿದ್ದ, ಯಾವುದು ಮೊದಲು ಯಾವುದು ಆಮೇಲೆ ಅನ್ನುವುದು ಕಲಿಯಲಿಕ್ಕೆ.

ನಾನು ಇದನ್ನು ಮಾಡಿದ್ದೇನೆ. ಮೊದಲ ಸಲ ನನ್ನದನ್ನೂ ಮೂಲವನ್ನೂ ಪಕ್ಕಪಕ್ಕ ಇಟ್ಟಾಗ ಕಂಡಿದ್ದು: ಆ ಲೇಖಕರು ಎರಡು ವಾಕ್ಯದಲ್ಲಿ ಮುಗಿಸಿದ ಕಡೆ ನಾನು ಆರು ವಾಕ್ಯ ಬರೆದಿದ್ದೆ, ಅದರಲ್ಲಿ ಮೂರು "ಹೀಗಾಗಿ" ಇತ್ತು. ಓದುವಾಗ ಇದು ಎಂದೂ ಕಂಡಿರಲಿಲ್ಲ.

ಮೂಲೆಕುರ್ಚಿ:

ಎಲ್ಲರೂ ತಾನೇ ತಿದ್ದಿಕೊಳ್ಳುವುದರ ಬಗ್ಗೆ ಹೇಳುತ್ತಿದ್ದೀರಿ. ಸ್ವಲ್ಪ ಜಗಳ ಆಡುತ್ತೇನೆ. ಕೆಲವು ತಪ್ಪು ನಮಗೆ ಕಾಣುವುದೇ ಇಲ್ಲ, ಕೆಂಪು ಪೆನ್ಸಿಲ್ ಇಟ್ಟುಕೊಂಡು ಎಷ್ಟು ಹುಡುಕಿದರೂ. ಹಿಂದೆ ನಿಂತು ನೋಡುವ ಇನ್ನೊಬ್ಬರು ಬೇಕು.

ಆದರೆ ಯಾರು ಅನ್ನುವುದು ಮುಖ್ಯ. ನಾನು ಮೊದಲು ಹೋದ ಕ್ಲಾಸಿನಲ್ಲಿ ಮೇಷ್ಟ್ರು ಬರುತ್ತಿದ್ದರು, ನನ್ನ ಕೈಯಿಂದ ಪೆನ್ಸಿಲ್ ತೆಗೆದುಕೊಂಡು ಅವರೇ ಸರಿ ಮಾಡಿ ಹೋಗುತ್ತಿದ್ದರು. ಆ ವರ್ಷದ ನನ್ನ ಚಿತ್ರಗಳು ಬಹಳ ಚೆನ್ನಾಗಿವೆ. ನನಗೆ ಏನೂ ಬರುತ್ತಿರಲಿಲ್ಲ. ಆಮೇಲೆ ಸಿಕ್ಕಿದವರು ಒಂದು ಗೆರೆಯನ್ನೂ ಎಳೆದುಕೊಡಲಿಲ್ಲ. ಚಿತ್ರದ ಮೇಲೆ ಬೆರಳು ಇಟ್ಟು "ಈ ಮೊಣಕೈ ಸೊಂಟಕ್ಕಿಂತ ಮೇಲಿದೆಯಾ ಕೆಳಗಿದೆಯಾ?" ಅಂತ ಕೇಳಿ ಮುಂದಕ್ಕೆ ಹೋಗಿಬಿಡುತ್ತಿದ್ದರು. ಕೋಪ ಬರುತ್ತಿತ್ತು. ಈಗ ಏನು ಬಿಡಿಸಿದರೂ ಆ ಪ್ರಶ್ನೆ ತಾನಾಗಿಯೇ ಕೇಳಿಸುತ್ತದೆ.

ಇನ್ನೊಂದು. ಚೆನ್ನಿನೋ ಚೆನ್ನಿನಿ ಅಂತ ಇಟಲಿಯ ಒಬ್ಬ ಚಿತ್ರಕಾರ, ಹೆಚ್ಚು ಕಡಿಮೆ 1400ರ ಹೊತ್ತಿನವನು, ಕಲಿಯುವವರಿಗೆ ಒಂದು ಮಾತು ಬರೆದಿದ್ದಾನೆ: ಇವತ್ತು ಒಬ್ಬ ಗುರುವಿನದ್ದು, ನಾಳೆ ಇನ್ನೊಬ್ಬನದ್ದು ನಕಲು ಮಾಡಿದರೆ ಇಬ್ಬರ ಕೈಯೂ ನಿನಗೆ ಬರುವುದಿಲ್ಲ. ಖಾಲಿಹಾಳೆಯವರೇ, ರಾತ್ರಿಗೊಂದು ಹೊಸ ವಿಡಿಯೋ ಅಂದಿರಲ್ಲ, ನನಗೆ ಇದೇ ನೆನಪಾಯಿತು.

ನಕಲು ಮೋಸವಾ ಅಂತ ಕೇಳಿದಿರಿ. ಪ್ಯಾರಿಸ್‌ನ ಲೂವ್ರ್ ಮ್ಯೂಸಿಯಂನಲ್ಲಿ ಇವತ್ತಿಗೂ ಅನುಮತಿ ಪಡೆದು ದೊಡ್ಡವರ ಚಿತ್ರಗಳ ಮುಂದೆ ಕೂತು ನಕಲು ಮಾಡುತ್ತಾರೆ. ಕ್ಯಾನ್ವಾಸ್ ಮೂಲದ ಅಳತೆಯದ್ದೇ ಆಗಿರುವಂತಿಲ್ಲ, ಚಿತ್ರಕಾರನ ಸಹಿ ನಕಲು ಮಾಡುವಂತಿಲ್ಲ. ಮೋಸದ ಗಡಿ ಎಲ್ಲಿದೆ ಅಂತ ಅದರಲ್ಲೇ ಗೊತ್ತಾಗುತ್ತದೆ.

ಗೀರುಗೆರೆ:

ಮೂಲೆಕುರ್ಚಿ ಹೇಳಿದ್ದು ಒಪ್ಪಿದೆ. ಅರೆಶ್ರುತಿಯವರಿಗೆ ಒಂದು ಖುಷಿಯ ವಿಷಯ: ವ್ಯಾನ್ ಗೋ ಬದುಕಿನ ಕೊನೆಯ ವರ್ಷದಲ್ಲಿ, ಆಸ್ಪತ್ರೆಯಲ್ಲಿದ್ದಾಗ, ಮತ್ತೆ ನಕಲಿಗೆ ಇಳಿದ. ಫ್ರಾನ್ಸಿನ ಚಿತ್ರಕಾರ ಮಿಲೆಯ ಚಿತ್ರಗಳ ಕಪ್ಪುಬಿಳುಪು ಪ್ರತಿ ಇಟ್ಟುಕೊಂಡು ಬಣ್ಣ ಮಾತ್ರ ತಾನೇ ಹಾಕಿದ. ತಮ್ಮನಿಗೆ ಬರೆದ ಕಾಗದದಲ್ಲಿ ಅದನ್ನು ಸಂಗೀತಕ್ಕೆ ಹೋಲಿಸಿದ್ದಾನೆ, ಬೇರೆಯವರ ರಚನೆಯನ್ನು ನುಡಿಸುವವನು ಅದಕ್ಕೆ ತನ್ನದನ್ನು ಸೇರಿಸುತ್ತಾನಲ್ಲ, ಹಾಗೆ ಅಂತ.

ಖಾಲಿಹಾಳೆ:

ಮೂರು ವಾರ ಆಯಿತು, ಬಂದು ಹೇಳಬೇಕು ಅನ್ನಿಸಿತು.

ಗೀರುಗೆರೆಯವರೇ, ಪಣ ಗೆದ್ದಿರಿ. ನಾಲ್ಕೂ ಕಾಲು ಸ್ಕೇಲ್ ಇಟ್ಟು ಎಳೆದ ಹಾಗೆ ಒಂದೇ ಸಾಲಿನಲ್ಲಿದ್ದವು. ಅಡುಗೆಮನೆಯ ಒಂದೇ ಕುರ್ಚಿಯನ್ನು 19 ಸಲ ಬಿಡಿಸಿದೆ. ಮೊದಲ ವಾರದ ಹಾಳೆಗಳಲ್ಲಿ ಕಪ್ಪಿಗಿಂತ ಕೆಂಪೇ ಜಾಸ್ತಿ. ಎಲ್ಲವನ್ನೂ ನೆಲದ ಮೇಲೆ ಸಾಲಾಗಿ ಹಾಸಿದಾಗ ಒಂದು ಗಮನಿಸಿದೆ, ಪ್ರತಿ ಸಲವೂ ಬೆನ್ನಿನ ಒರಗನ್ನು ಇರುವುದಕ್ಕಿಂತ ಎತ್ತರ ಮಾಡುತ್ತಿದ್ದೆ. ಒಂದೊಂದೇ ಹಾಳೆ ನೋಡಿದ್ದರೆ ಗೊತ್ತಾಗುತ್ತಲೇ ಇರಲಿಲ್ಲ. ವಿಡಿಯೋ ಪೂರ್ತಿ ಬಿಟ್ಟಿಲ್ಲ, ಸುಳ್ಳು ಹೇಳಲ್ಲ, ಆದರೆ ಒಬ್ಬರದ್ದು ಮಾತ್ರ ನೋಡುತ್ತಿದ್ದೇನೆ, ಅದೂ ಮುಗಿದಮೇಲೆ ಮುಚ್ಚಿ ನೆನಪಿನಿಂದ ಬಿಡಿಸುತ್ತೇನೆ.

ಭಾನುವಾರ ಅಕ್ಕನ ಮಗಳು ಬಂದಿದ್ದಳು. ಅಜ್ಜಿಯನ್ನು ಮತ್ತೆ ಬಿಡಿಸಿಕೊಟ್ಟೆ. ಈ ಸಲ ಬೀಳಲ್ಲ ಅಂದಳು. ಆದರೆ ಅಜ್ಜಿ ಕೈ ಯಾಕೆ ಸೌಟಿನ ಥರ ಇದೆ ಅಂತ ಕೇಳಿದಳು.

ಚುಟುಕ:

ಅಜ್ಜಿಗೆ ಶಾಲು ಹೊದಿಸಿಬಿಡಿ. ಕೈ ಬರದವರೆಲ್ಲ ಮಾಡುವುದು ಅದನ್ನೇ.